ಅಧ್ಯಾಪಕರ ಆನ್‌ಲೈನ್ ಪ್ರೊಫೈಲ್: ಸರಿ ಮಾಡುವುದು ಹೇಗೆ, ಹಳತಾಗದಂತೆ ನೋಡಿಕೊಳ್ಳುವುದು ಹೇಗೆ?

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ದಿನ ಗೊತ್ತಾಯಿತು ಅಂದರೆ ಕಾಲೇಜು ಗ್ರಂಥಾಲಯಕ್ಕೆ ಜನ ಜಾಸ್ತಿ. ಪುಸ್ತಕಕ್ಕಲ್ಲ. "ಮೇಡಂ, ವಿದ್ವಾನ್ ಐಡಿ ಬೇಕಂತೆ." "ನನ್ನ ಪೇಪರಿನ ಲಿಂಕ್ ಎಲ್ಲಿ ಸಿಗ್ತದೆ?" "ಆರ್ಕಿಡ್ ಪಾಸ್‌ವರ್ಡ್ ಮರೆತೋಗಿದೆ, ಅದರ ಮೇಲ್ ಹಳೇ ಕಾಲೇಜಿಂದು." ವಿದ್ವಾನ್, ಆರ್ಕಿಡ್ ಅಂದರೆ ಅಧ್ಯಾಪಕರ ಕೆಲಸದ ವಿವರ ಇರುವ ಆನ್‌ಲೈನ್ ತಾಣಗಳು, ಮುಂದೆ ಹೇಳುತ್ತೇನೆ. ಗ್ರಂಥಪಾಲಕಿಯಾಗಿ ಈ ಪ್ರಶ್ನೆಗಳಿಗೆ ಉತ್ತರ ಹೇಳುವುದು ನನ್ನ ಕೆಲಸದ ಒಂದು ಭಾಗವೇ ಆಗಿಬಿಟ್ಟಿದೆ. ಕಾರವಾರ, ಕುಮಟಾ, ಶಿರಸಿ ಕಡೆಯ ಅಧ್ಯಾಪಕರನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ನ್ಯಾಕ್‌ಗೋಸ್ಕರ ಅಂತ ಶುರು ಮಾಡಿದರೂ ಪ್ರೊಫೈಲ್ ನಿಜವಾಗಿ ಬೇಕಾಗುವುದು ಬೇರೆಯವರಿಗೆ. ಪಿಎಚ್‌.ಡಿ.ಗೆ ಮಾರ್ಗದರ್ಶಕರನ್ನು ಹುಡುಕುವ ವಿದ್ಯಾರ್ಥಿನಿಗೆ. ಗುಡ್ಡ ಕುಸಿದ ಮರುದಿನ, ಭೂವಿಜ್ಞಾನ ಬಲ್ಲವರು ಹತ್ತಿರದಲ್ಲಿ ಯಾರಿದ್ದಾರೆ ಎಂದು ಹುಡುಕುವ ವರದಿಗಾರರಿಗೆ. ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತಲ್ಲ, ಅಲ್ಲಿಯ ಬಳಚು (ಚಿಪ್ಪುಜೀವಿ), ಕಾಂಡ್ಲಾ (ಮ್ಯಾಂಗ್ರೋವ್), ಉಪ್ಪುನೀರಿನ ಗಜನಿ ಗದ್ದೆಗಳ ಮೇಲೆ ಮೊದಲೇ ಕೆಲಸ ಮಾಡಿದವರು ಯಾರು ಎಂದು ದೂರದಲ್ಲಿ ಕೂತು ನೋಡುವ ಸಂಶೋಧಕರಿಗೆ. ಇವರ್‍ಯಾರಿಗೂ ನಿಮ್ಮ ಪರಿಚಯ ಇಲ್ಲ. ನೀವು ಈಗ ಎಲ್ಲಿದ್ದೀರಿ, ಯಾವ ವಿಷಯದ ಮೇಲೆ ಕೆಲಸ ಮಾಡಿದ್ದೀರಿ, ನಿಮಗೆ ಬರೆಯುವುದು ಯಾವ ವಿಳಾಸಕ್ಕೆ? ಈ ಮೂರು ಎರಡು ನಿಮಿಷದೊಳಗೆ ಸಿಗದಿದ್ದರೆ ಅವರು ಮುಂದಿನ ಹೆಸರಿಗೆ ಹೋಗುತ್ತಾರೆ.

1. ಮೊದಲು ಕಿರ್ದಿ, ಆಮೇಲೆ ಖಾತೆ

ಯಾವ ವೆಬ್‌ಸೈಟನ್ನೂ ತೆರೆಯುವ ಮೊದಲು ನಿಮ್ಮದೇ ಒಂದು ಫೈಲ್ ಮಾಡಿ. ಹಳೇ ಅಂಗಡಿಕಾರರು ದಿನದ ವ್ಯವಹಾರವನ್ನೆಲ್ಲ ಮೊದಲು ಕಿರ್ದಿಗೆ ಬರೆದು, ಆಮೇಲೆ ಅವರವರ ಖಾತೆಗೆ ಏರಿಸುತ್ತಿದ್ದರು. ಇಲ್ಲೂ ಹಾಗೇ. ಒಂದು ಎಕ್ಸೆಲ್ ಅಥವಾ ಗೂಗಲ್ ಶೀಟ್ ಸಾಕು. ದಿನಾಂಕ, ಏನು ಕೆಲಸ, ಪೂರ್ಣ ಶೀರ್ಷಿಕೆ, ಸಹಲೇಖಕರು, ಪತ್ರಿಕೆ ಅಥವಾ ಪ್ರಕಾಶಕರು, ಐಎಸ್‌ಎಸ್‌ಎನ್ (ಪತ್ರಿಕೆಯ ಸಂಖ್ಯೆ) ಅಥವಾ ಐಎಸ್‌ಬಿಎನ್ (ಪುಸ್ತಕದ ಸಂಖ್ಯೆ), ಡಿಒಐ (ಪೇಪರಿನ ಕಾಯಂ ಗುರುತು ಸಂಖ್ಯೆ), ಲಿಂಕ್, ದಾಖಲೆ ಎಲ್ಲಿದೆ. ಇಷ್ಟು ಕಾಲಂ.

ಕೊನೆಯ ಕಾಲಂ ಮರೆಯಬೇಡಿ. ಪೇಪರಿನ ಪಿಡಿಎಫ್, ಪುಸ್ತಕದ ಮುಖಪುಟ ಮತ್ತು ಐಎಸ್‌ಬಿಎನ್ ಇರುವ ಪುಟ, ಉಪನ್ಯಾಸಕ್ಕೆ ಕರೆದ ಪತ್ರ, ಹಾಜರಾತಿ ಪ್ರಮಾಣಪತ್ರ, ಆಕಾಶವಾಣಿ ಕಾರವಾರದಲ್ಲಿ ಮಾತಾಡಿದ್ದರೆ ಅದರ ಒಪ್ಪಂದ ಪತ್ರ. ಎಲ್ಲವೂ ವರ್ಷವಾರು ಫೋಲ್ಡರಿನಲ್ಲಿ ಇರಲಿ. ಬಡ್ತಿಯ ಅರ್ಜಿಗೂ ನ್ಯಾಕ್‌ನ ವಾರ್ಷಿಕ ವರದಿಗೂ ಕೇಳುವುದು ಇದನ್ನೇ. ಫೈಲನ್ನು ಸ್ಟಾಫ್ ರೂಮಿನ ಕಂಪ್ಯೂಟರಿನಲ್ಲಿ ಇಡಬೇಡಿ. ಅದು ಯಾವತ್ತು ಫಾರ್ಮ್ಯಾಟ್ ಆಗುತ್ತದೆ ಅಂತ ಹೇಳುವಂತಿಲ್ಲ.

ಇನ್ನೊಂದು ಮಾತು. ಸಂಶೋಧನಾ ಪತ್ರಿಕೆಗಳ ಮಾನ್ಯ ಪಟ್ಟಿಯಾಗಿದ್ದ ಯುಜಿಸಿ ಕೇರ್ ಪಟ್ಟಿಯನ್ನು ಯುಜಿಸಿ 2025ರ ಫೆಬ್ರವರಿಯಲ್ಲಿ ಕೈಬಿಟ್ಟಿತು. ಹಾಗಂತ ಹಳೇ ಪೇಪರಿನ ಮುಂದಿರುವ ‘ಕೇರ್ ಪಟ್ಟಿಯ ಪತ್ರಿಕೆ’ ಎಂಬ ಟಿಪ್ಪಣಿಯನ್ನು ಅಳಿಸಬೇಡಿ. ಪ್ರಕಟವಾದಾಗ ಪತ್ರಿಕೆ ಪಟ್ಟಿಯಲ್ಲಿತ್ತು ಎನ್ನುವ ಸ್ಕ್ರೀನ್‌ಶಾಟ್ ಇದ್ದರೆ ಅದನ್ನೂ ಫೋಲ್ಡರಿಗೆ ಹಾಕಿಡಿ.

2. ಹೆಸರು: ನಮ್ಮ ಕಡೆಯ ದೊಡ್ಡ ತಲೆನೋವು

ಘಟ್ಟದ ಮೇಲೆ ಹೆಗಡೆ, ಭಟ್. ಕೆಳಗೆ ನಾಯ್ಕ, ನಾಯಕ, ಗೌಡ, ಗಾಂವ್ಕರ್, ಶೇಟ್, ಕಾಮತ್. ಅದರ ಹಿಂದೆ ಎರಡು ಇನಿಶಿಯಲ್. ಒಂದೇ ಹೆಸರಿನವರು ಇಡೀ ರಾಜ್ಯದಲ್ಲಿ ಎಷ್ಟು ಜನ ಇರಬಹುದು, ನೀವೇ ಯೋಚಿಸಿ. ಎಸ್. ಹೆಗಡೆ ಅಂತ ಹುಡುಕಿದರೆ ವೈದ್ಯರು, ಎಂಜಿನಿಯರು, ರಸಾಯನಶಾಸ್ತ್ರದವರು ಎಲ್ಲ ಒಟ್ಟಿಗೆ ಬರುತ್ತಾರೆ.

ಇದರ ಮೇಲೆ ಸ್ಪೆಲಿಂಗ್ ಬೇರೆ. ಇಂಗ್ಲಿಷ್‌ನಲ್ಲಿ ಹೆಗಡೆಯ ನಡುವೆ ‘ಎ’ ಹಾಕುವವರಿದ್ದಾರೆ, ಬಿಡುವವರಿದ್ದಾರೆ. ಭಟ್‌ಗೆ ಒಂದು ‘ಟಿ’ಯೋ ಎರಡೋ. ಗೌಡ ಬರೆಯಲು ಮೂರು ದಾರಿ. ಒಬ್ಬರೇ ಅಧ್ಯಾಪಕರು ಎಂ.ಎಸ್ಸಿ. ಅಂಕಪಟ್ಟಿಯಲ್ಲಿ ಒಂದು ರೀತಿ, ಮೊದಲ ಪೇಪರಿನಲ್ಲಿ ಇನ್ನೊಂದು ರೀತಿ, ಮದುವೆಯಾದ ಮೇಲೆ ಮತ್ತೊಂದು ರೀತಿ ಬರೆದಿರುತ್ತಾರೆ. ಮನುಷ್ಯರಿಗೆ ಅರ್ಥವಾಗುತ್ತದೆ. ಕಂಪ್ಯೂಟರಿಗೆ ಅವರು ಮೂರು ಬೇರೆ ಬೇರೆ ಜನ.

ಈಗ ಮಾಡಬೇಕಾದ್ದು ಇಷ್ಟು. ಇಂಗ್ಲಿಷ್‌ನಲ್ಲಿ ಒಂದು ರೂಪ ಆರಿಸಿ. ಸಾಧ್ಯವಾದರೆ ಕನಿಷ್ಠ ಒಂದು ಇನಿಶಿಯಲ್ಲನ್ನಾದರೂ ಬಿಡಿಸಿ ಪೂರ್ಣ ಹೆಸರು ಬರೆಯಿರಿ. ಈಗಾಗಲೇ ಜಾಸ್ತಿ ಪೇಪರು ಯಾವ ರೂಪದಲ್ಲಿದೆಯೋ ಅದನ್ನೇ ಇಟ್ಟುಕೊಳ್ಳುವುದು ಒಳ್ಳೆಯದು. ಸಂಖ್ಯಾಶಾಸ್ತ್ರದ ಜ್ಯೋತಿಷಿ ಹೇಳಿದರು ಅಂತ ನಡುವೆ ಅಕ್ಷರ ಸೇರಿಸಬೇಡಿ. ಇನ್ನು ಮುಂದೆ ಪೇಪರು, ಪುಸ್ತಕ, ಕಾಲೇಜು ಪುಟ, ಎಲ್ಲದಕ್ಕೂ ಅದೇ ಹೆಸರು. ಹಳೇ ರೂಪಗಳನ್ನು ಬಿಸಾಡುವುದು ಬೇಡ, ಅವಕ್ಕೊಂದು ಜಾಗ ಇದೆ. ಅದನ್ನು ಆರ್ಕಿಡ್‌ಗೆ ಬಂದಾಗ ಹೇಳುತ್ತೇನೆ.

ಸಂಸ್ಥೆಯ ಹೆಸರೂ ಹೀಗೇ. ಧಾರವಾಡದ ವಿಶ್ವವಿದ್ಯಾಲಯದ ಹೆಸರು ಇಂಗ್ಲಿಷ್‌ನಲ್ಲಿ ‘ಕರ್ನಾಟಕ್ ಯೂನಿವರ್ಸಿಟಿ’, ಕೊನೆಗೆ ‘ಎ’ ಇಲ್ಲ. ನಮ್ಮ ಎಷ್ಟೋ ಪೇಪರುಗಳಲ್ಲಿ ‘ಎ’ ಸೇರಿಕೊಂಡಿದೆ. ಇನ್ನೊಂದು, ಕಾರವಾರದ ಸ್ನಾತಕೋತ್ತರ ಕೇಂದ್ರದಲ್ಲಿ ಕೆಲಸ ಮಾಡುವವರಿಗೆ ಆ ವಿಶ್ವವಿದ್ಯಾಲಯವೇ ಉದ್ಯೋಗದಾತ. ಶಿರಸಿಯ ಅರಣ್ಯ ಕಾಲೇಜು ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದೇ ಕಾಲೇಜು. ಆದರೆ ಸಂಯೋಜಿತ ಪದವಿ ಕಾಲೇಜಿನವರು ಹಾಗಲ್ಲ. ‘ಉದ್ಯೋಗ’ ಎಂಬಲ್ಲಿ ಕಾಲೇಜಿನ ಹೆಸರು ಬರೆಯಬೇಕು, ವಿಶ್ವವಿದ್ಯಾಲಯದ್ದಲ್ಲ.

3. ಆರ್ಕಿಡ್: ಎಲ್ಲದರ ಮೂಲ ಇಲ್ಲಿರಲಿ

ಹೂವಿನ ಆರ್ಕಿಡ್ ಅಲ್ಲ. ಓ-ಆರ್-ಸಿ-ಐ-ಡಿ. ಲಾಭಕ್ಕಲ್ಲದ ಸಂಸ್ಥೆಯೊಂದು 2012ರಿಂದ ಉಚಿತವಾಗಿ ಕೊಡುತ್ತಿರುವ 16 ಅಂಕಿಯ ಗುರುತು ಸಂಖ್ಯೆ ಇದು. ನಾಲ್ಕು ನಾಲ್ಕರ ಗುಂಪಾಗಿ ಬರೆದಿರುತ್ತದೆ. ಕೆಲವರದ್ದು ಕೊನೆಗೆ ‘ಎಕ್ಸ್’ ಅಕ್ಷರ ಇರುತ್ತದೆ, ಅದು ತಪ್ಪಲ್ಲ. ಹೆಸರು ಒಂದೇ ಇರುವ ಹತ್ತು ಜನರನ್ನು ಬೇರೆ ಮಾಡುವುದೇ ಇದರ ಕೆಲಸ. ನಿಮಗೆ ಒಂದೇ ಪ್ರೊಫೈಲ್ ನೋಡಿಕೊಳ್ಳಲು ಪುರುಸೊತ್ತು ಇದ್ದರೆ ಅದು ಇದೇ ಆಗಿರಲಿ.

ನೋಂದಾಯಿಸುವಾಗ ಎರಡು ಮೇಲ್ ಕೊಡಿ. ಸ್ವಂತದ್ದು ಒಂದು, ಕಾಲೇಜಿನದು ಒಂದು. ಮುಖ್ಯ ಮೇಲ್ ಸ್ವಂತದ್ದಾಗಿರಲಿ. ಕಾಲೇಜು ಬದಲಾದ ದಿನ ಕಾಲೇಜಿನ ಮೇಲ್ ಬಂದ್ ಆಗುತ್ತದೆ. ಪಾಸ್‌ವರ್ಡ್ ಮರೆತರೆ ಹೊಸದು ಬರುವುದು ಅದೇ ಮೇಲ್‌ಗೆ, ಆಗ ಒಳಗೆ ಹೋಗಲು ದಾರಿಯೇ ಇಲ್ಲ. ಆಮೇಲೆ ಮಾಡುವುದು ಏನು? ಸುಮ್ನೆ ಹೊಸ ಆರ್ಕಿಡ್ ಮಾಡಿಕೊಳ್ಳುತ್ತಾರೆ. ಒಬ್ಬರಿಗೆ ಎರಡು ಸಂಖ್ಯೆ! ನಿಮಗೂ ಹೀಗೆ ಎರಡು ಇದ್ದರೆ ಖಾತೆಯ ಸೆಟ್ಟಿಂಗ್‌ನಲ್ಲಿ ಹೆಚ್ಚುವರಿ ದಾಖಲೆ ತೆಗೆಯುವ ಆಯ್ಕೆ ಇದೆ, ಬಳಸಿ.

ಒಳಗೆ ಹೋದ ಮೇಲೆ:

ಹೆಸರಿನ ಭಾಗದಲ್ಲಿ ‘ಪಬ್ಲಿಷ್ಡ್ ನೇಮ್’ ಎಂಬಲ್ಲಿ ನೀವು ಆರಿಸಿಕೊಂಡ ರೂಪ. ಅದರ ಕೆಳಗೆ ‘ಆಲ್ಸೋ ನೋನ್ ಆ್ಯಸ್’ ಎಂಬ ಜಾಗ ಇದೆ. ಹಳೇ ಸ್ಪೆಲಿಂಗ್‌ಗಳು, ಮದುವೆಗೆ ಮುಂಚಿನ ಹೆಸರು, ಕನ್ನಡ ಲಿಪಿಯಲ್ಲಿ ಹೆಸರು, ಕಾವ್ಯನಾಮ ಇದ್ದರೆ ಅದೂ, ಎಲ್ಲ ಇಲ್ಲಿ. ಕನ್ನಡ ಲಿಪಿಯ ಹೆಸರನ್ನು ಇಲ್ಲಿ ಹಾಕುವವರು ಬಹಳ ಕಡಿಮೆ. ಹಾಕಿ.

ಉದ್ಯೋಗದ ಭಾಗದಲ್ಲಿ ಕಾಲೇಜಿನ ಹೆಸರು ಟೈಪ್ ಮಾಡುತ್ತಿದ್ದಂತೆ ಕೆಳಗೆ ಪಟ್ಟಿ ಬರುತ್ತದೆ. ಪಟ್ಟಿಯಲ್ಲಿ ಇದ್ದರೆ ಅದನ್ನೇ ಒತ್ತಿ, ಇಲ್ಲದಿದ್ದರೆ ಮಾತ್ರ ನೀವೇ ಬರೆಯಿರಿ. ವರ್ಗಾವಣೆಯಾದಾಗ ಹಳೇ ಕಾಲೇಜನ್ನು ಅಳಿಸಬೇಡಿ. ಅದಕ್ಕೆ ಮುಗಿದ ದಿನಾಂಕ ಹಾಕಿ, ಹೊಸದನ್ನು ಬೇರೆಯಾಗಿ ಸೇರಿಸಿ. ನಿಮ್ಮ ಹಳೇ ಪೇಪರಿನಲ್ಲಿ ಇರುವುದು ಹಳೇ ಕಾಲೇಜಿನ ವಿಳಾಸ, ನೋಡುವವರಿಗೆ ಎರಡೂ ತಾಳೆಯಾಗಬೇಕಲ್ಲ.

ಪ್ರಕಟಣೆಗಳನ್ನು ಒಂದೊಂದಾಗಿ ಟೈಪ್ ಮಾಡುತ್ತ ಕೂರಬೇಡಿ. ‘ಸರ್ಚ್ ಆ್ಯಂಡ್ ಲಿಂಕ್’ ಒತ್ತಿದರೆ ಡಿಒಐ ನೋಂದಾಯಿಸುವ ಕ್ರಾಸ್‌ರೆಫ್‌ನಂಥ ಮೂಲಗಳಲ್ಲಿ ನಿಮ್ಮ ಪೇಪರನ್ನು ಹುಡುಕಿ ಜೋಡಿಸಬಹುದು. ಡಿಒಐ ಇದ್ದರೆ ಅದನ್ನಷ್ಟೇ ಹಾಕಿದರೂ ಉಳಿದ ವಿವರ ತಾನೇ ತುಂಬಿಕೊಳ್ಳುತ್ತದೆ. ಡಿಒಐ ಯಾವಾಗಲೂ 10ರಿಂದ ಶುರುವಾಗುತ್ತದೆ, ಪೇಪರಿನ ಮೊದಲ ಪುಟದ ಮೇಲೋ ಕೆಳಗೋ ಸಿಗುತ್ತದೆ. ಡಿಒಐ ಇಲ್ಲದ್ದನ್ನು ಮಾತ್ರ ಕೈಯಾರೆ ಸೇರಿಸಿ.

ಅದಕ್ಕಿಂತ ಸುಲಭದ ದಾರಿ ಇನ್ನೊಂದಿದೆ. ಮುಂದಿನ ಪೇಪರನ್ನು ಪತ್ರಿಕೆಗೆ ಕಳಿಸುವಾಗ ಆರ್ಕಿಡ್ ಕೇಳುತ್ತಾರೆ. ಅಲ್ಲಿ ಲಾಗಿನ್ ಆಗಿ ಜೋಡಿಸಿ. ಪೇಪರು ಪ್ರಕಟವಾದ ಮೇಲೆ ‘ನಿಮ್ಮ ದಾಖಲೆಗೆ ಸೇರಿಸಬಹುದೇ’ ಎಂದು ಕ್ರಾಸ್‌ರೆಫ್ ಕಡೆಯಿಂದ ಆರ್ಕಿಡ್‌ನಲ್ಲಿ ಕೋರಿಕೆ ಬರಬಹುದು. ಒಮ್ಮೆ ಒಪ್ಪಿಗೆ ಕೊಟ್ಟರೆ ಹೀಗೆ ಜೋಡಿಸಿದ ಮುಂದಿನ ಪೇಪರುಗಳು ತಾವೇ ಬಂದು ಕೂರುತ್ತವೆ. ಆ ಸೂಚನೆಯನ್ನು ಜಾಹೀರಾತು ಅಂದುಕೊಂಡು ಡಿಲೀಟ್ ಮಾಡುವವರೇ ಹೆಚ್ಚು.

ಕೊನೆಗೆ, ಪ್ರತಿಯೊಂದು ಸಾಲಿನ ಪಕ್ಕ ಯಾರು ನೋಡಬಹುದು ಎಂಬ ಗುರುತು ಇರುತ್ತದೆ. ಎಲ್ಲರಿಗೂ, ನಂಬಿಕೆಯ ಸಂಸ್ಥೆಗಳಿಗೆ, ನನಗೆ ಮಾತ್ರ. ಎಲ್ಲ ತುಂಬಿ ‘ನನಗೆ ಮಾತ್ರ’ ಅಂತ ಬಿಟ್ಟರೆ ಹೊರಗಿನವರಿಗೆ ಖಾಲಿ ಪುಟ ಕಾಣುತ್ತದೆ. ಉದ್ಯೋಗ, ಶಿಕ್ಷಣ, ಪ್ರಕಟಣೆ ಎಲ್ಲರಿಗೂ ಕಾಣಲಿ. ಸ್ವಂತ ಮೇಲ್ ನಿಮಗೆ ಮಾತ್ರ.

4. ಗೂಗಲ್ ಸ್ಕಾಲರ್: ತಾನೇ ಬೆಳೆಯುತ್ತದೆ, ಕಳೆಯೂ ಬೆಳೆಯುತ್ತದೆ

ಪೇಪರುಗಳನ್ನು ಹುಡುಕುವ ಗೂಗಲ್ ತಾಣ ಇದು. ಇಲ್ಲಿ ಪ್ರೊಫೈಲ್ ತೆರೆಯುವುದು ಸುಲಭ, ಕೆಡಿಸುವುದು ಇನ್ನೂ ಸುಲಭ. ಶುರುವಿನಲ್ಲೇ ಗೂಗಲ್ ‘ಇವೆಲ್ಲ ನಿಮ್ಮ ಪೇಪರೇ?’ ಎಂದು ಗುಂಪು ಗುಂಪಾಗಿ ತೋರಿಸುತ್ತದೆ. ಖುಷಿಯಿಂದ ಎಲ್ಲಕ್ಕೂ ಟಿಕ್ ಹಾಕಿದರೆ ಇತಿಹಾಸದ ಮಾಸ್ತರರ ಖಾತೆಗೆ ಹೃದಯ ಶಸ್ತ್ರಚಿಕಿತ್ಸೆಯ ಪೇಪರು ಬಂದು ಬೀಳುತ್ತದೆ. ನಿಮ್ಮ ಪೇಪರನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎನ್ನುವ ಸಂಖ್ಯೆ ಏರುವುದು ನೋಡಲು ಚೆಂದ, ಆದರೆ ಸಂದರ್ಶನದಲ್ಲಿ ಯಾರಾದರೂ ಕೇಳಿದರೆ ಏನು ಹೇಳುತ್ತೀರಿ?

ಸೆಟ್ಟಿಂಗ್‌ನಲ್ಲಿ ಎರಡು ದಾರಿ ಇದೆ. ಹೊಸ ಪೇಪರನ್ನು ತಾನೇ ಸೇರಿಸು ಎನ್ನುವುದು ಒಂದು, ಮೊದಲು ನನಗೆ ಮೇಲ್ ಕಳಿಸಿ ಕೇಳು ಎನ್ನುವುದು ಇನ್ನೊಂದು. ನಿಮ್ಮ ಹೆಸರು ಅಪರೂಪದ್ದಾದರೆ ಮೊದಲನೆಯದು ಸರಿ. ಹೆಗಡೆ, ಭಟ್, ನಾಯ್ಕ ಆಗಿದ್ದರೆ ಎರಡನೆಯದೇ ಬೇಕು. ಇದರಲ್ಲಿ ರಾಜಿ ಬೇಡ.

ಒಂದೇ ಪೇಪರು ಎರಡು ಸಲ ಕಂಡರೆ ಎರಡಕ್ಕೂ ಟಿಕ್ ಹಾಕಿ ‘ಮರ್ಜ್’ ಒತ್ತಿ, ಉಲ್ಲೇಖಗಳು ಒಂದಾಗುತ್ತವೆ. ನಿಮ್ಮದಲ್ಲದ್ದನ್ನು ಡಿಲೀಟ್ ಮಾಡಿ. ಕಾಲೇಜಿನ ಮೇಲ್ ಕೊಟ್ಟು ದೃಢೀಕರಿಸದಿದ್ದರೆ ಹುಡುಕಾಟದಲ್ಲಿ ಪ್ರೊಫೈಲ್ ಬರುವುದಿಲ್ಲ, ಇಲ್ಲಿ ಮಾತ್ರ ಜಿಮೇಲ್ ಸಾಲದು. ಪ್ರೊಫೈಲನ್ನು ‘ಪಬ್ಲಿಕ್’ ಮಾಡುವುದನ್ನೂ ಮರೆಯಬೇಡಿ.

ಆಸಕ್ತಿಯ ವಿಷಯಗಳ ಬಗ್ಗೆ ಸ್ವಲ್ಪ ಯೋಚಿಸಿ ಬರೆಯಿರಿ. ಬರೀ ‘ಬಾಟನಿ’ ಅಂತ ಹಾಕಿದರೆ ಏನು ಪ್ರಯೋಜನ? ‘ಪಶ್ಚಿಮ ಘಟ್ಟದ ಮಿರಿಸ್ಟಿಕಾ ಜೌಗು’, ‘ಕಾಂಡ್ಲಾ ಪರಿಸರ’, ‘ಕಗ್ಗ ಭತ್ತ’ ಇಂಥವನ್ನು ಇಂಗ್ಲಿಷ್ ಹೆಸರಿನ ಜೊತೆ ಬರೆದರೆ ಹುಡುಕುವವರಿಗೆ ಸಿಗುತ್ತೀರಿ. ಹಳೇ ಪೇಪರುಗಳಲ್ಲಿ ನಮ್ಮ ಜಿಲ್ಲೆ ‘ನಾರ್ತ್ ಕೆನರಾ’ ಎಂದು ಇರುತ್ತದೆ. ಪರಿಚಯ ಬರೆಯುವಾಗ ಉತ್ತರ ಕನ್ನಡದ ಜೊತೆ ಒಮ್ಮೆ ಆ ಹೆಸರೂ ಬರಲಿ.

5. ವಿದ್ವಾನ್, ಐರಿನ್ಸ್, ಸ್ಕೋಪಸ್, ರಿಸರ್ಚ್‌ಗೇಟ್

ವಿದ್ವಾನ್ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಎಂಬ ಗ್ರಂಥಾಲಯ ಜಾಲದ ಕೇಂದ್ರ ನಡೆಸುವ ತಜ್ಞರ ಪಟ್ಟಿ. ಆರ್ಕಿಡ್ ಸರಿ ಇದ್ದರೆ ಇಲ್ಲಿ ಅರ್ಧ ಕೆಲಸ ಮುಗಿದ ಹಾಗೆ, ಆ ಸಂಖ್ಯೆಯನ್ನು ಇಲ್ಲಿ ಜೋಡಿಸಿ. ಒಂದು ಸಂಸ್ಥೆಯ ಅಧ್ಯಾಪಕರೆಲ್ಲರ ಪ್ರೊಫೈಲ್ ಒಟ್ಟಿಗೆ ತೋರಿಸುವ ಐರಿನ್ಸ್ ಕೂಡ ಅವರದೇ, ಆದರೆ ಅದನ್ನು ಸಂಸ್ಥೆ ತೆಗೆದುಕೊಳ್ಳಬೇಕು. ನಿಮ್ಮ ಕಾಲೇಜಿನಲ್ಲಿ ಇದೆಯೋ ಇಲ್ಲವೋ ಗ್ರಂಥಾಲಯದಲ್ಲಿ ಕೇಳಿ. ಪಿಎಚ್‌.ಡಿ. ಪ್ರಬಂಧ ಶೋಧಗಂಗಾ ಎಂಬ ಆನ್‌ಲೈನ್ ಪ್ರಬಂಧ ಭಂಡಾರದಲ್ಲಿ ಇದೆಯೇ ಎಂದೂ ಒಮ್ಮೆ ನೋಡಿ, ಇದ್ದರೆ ಆ ಲಿಂಕನ್ನು ಕಿರ್ದಿಗೆ ಏರಿಸಿ.

ಪೇಪರುಗಳನ್ನೂ ಅವುಗಳ ಉಲ್ಲೇಖಗಳನ್ನೂ ಪಟ್ಟಿ ಮಾಡುವ ಸ್ಕೋಪಸ್‌ನಲ್ಲಿ ನಿಮ್ಮ ಪ್ರೊಫೈಲನ್ನು ನೀವು ಮಾಡುವುದಲ್ಲ. ಪೇಪರು ಬಂದರೆ ಅದೇ ಮಾಡುತ್ತದೆ. ಸ್ಪೆಲಿಂಗ್ ಬದಲಾಗಿದ್ದರೆ ಎರಡು ಮೂರು ಪ್ರೊಫೈಲ್ ಆಗಿರುತ್ತವೆ, ಒಂದುಗೂಡಿಸಲು ಉಚಿತವಾಗಿಯೇ ಕೋರಿಕೆ ಕಳಿಸಬಹುದು. ಸಂಶೋಧಕರು ಪೇಪರು ಹಂಚಿಕೊಳ್ಳುವ ರಿಸರ್ಚ್‌ಗೇಟ್ ಬೇಕಾದರೆ ಇರಲಿ, ಆದರೆ ಪ್ರಕಾಶಕರ ಪಿಡಿಎಫ್ ಏರಿಸುವ ಮುಂಚೆ ಆ ಪತ್ರಿಕೆಯ ನಿಯಮ ನೋಡಿ. ಎಷ್ಟೋ ಪತ್ರಿಕೆಗಳು ಅಂತಿಮ ಮುದ್ರಿತ ರೂಪಕ್ಕೆ ಒಪ್ಪುವುದಿಲ್ಲ, ಒಪ್ಪಿಗೆಯಾದ ಹಸ್ತಪ್ರತಿಗೆ ಒಪ್ಪುತ್ತವೆ.

ಎಲ್ಲ ಕಡೆ ಇರಲೇಬೇಕು ಎಂದಿಲ್ಲ. 2016ಕ್ಕೇ ನಿಂತುಹೋದ ಐದು ಪ್ರೊಫೈಲ್‌ಗಿಂತ ಈ ವರ್ಷದ ಎರಡು ಮೇಲು. ನೋಡಿಕೊಳ್ಳಲು ಆಗದ್ದನ್ನು ಮುಚ್ಚಿಬಿಡಿ.

6. ಕನ್ನಡದಲ್ಲಿ ಬರೆದದ್ದು ಎಲ್ಲಿ ಹೋಗುತ್ತದೆ?

ಕನ್ನಡ, ಇತಿಹಾಸ, ಸಮಾಜಶಾಸ್ತ್ರದ ಅಧ್ಯಾಪಕರ ದೂರು ನ್ಯಾಯವಾದದ್ದೇ. ಹಾಲಕ್ಕಿ ಹಾಡಿನ ಬಗ್ಗೆಯೋ ಬಡಗುತಿಟ್ಟಿನ ಬಗ್ಗೆಯೋ ವರ್ಷಗಟ್ಟಲೆ ಓಡಾಡಿ ಬರೆದದ್ದು ಅಭಿನಂದನಾ ಗ್ರಂಥದಲ್ಲೋ ಸಂಪಾದಿತ ಪುಸ್ತಕದಲ್ಲೋ ಬಂದಿರುತ್ತದೆ. ಅದು ಸ್ಕೋಪಸ್‌ಗೆ ಕಾಣುವುದಿಲ್ಲ, ಸ್ಕಾಲರ್‌ಗೂ ಕಾಣುವುದು ಅಪರೂಪ. ಹಾಗಾಗಿ ಅವರ ಪ್ರೊಫೈಲ್ ಖಾಲಿ, ಬೀರು ತುಂಬಾ ಪುಸ್ತಕ.

ಇದನ್ನು ಕೈಯಾರೆ ಸೇರಿಸಬೇಕು. ಆರ್ಕಿಡ್‌ನಲ್ಲಿ ಪುಸ್ತಕ, ಪುಸ್ತಕದ ಅಧ್ಯಾಯ, ನಿಯತಕಾಲಿಕದ ಲೇಖನ, ದಿನಪತ್ರಿಕೆಯ ಲೇಖನ, ಎಲ್ಲಕ್ಕೂ ಬೇರೆ ಬೇರೆ ವಿಭಾಗ ಇದೆ. ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ. ಅನುವಾದಿತ ಶೀರ್ಷಿಕೆಗೆ ಬೇರೆ ಜಾಗ ಇದೆ, ಇಂಗ್ಲಿಷ್ ಅಲ್ಲಿರಲಿ. ಐಎಸ್‌ಬಿಎನ್ ಇದ್ದರೆ ಗುರುತು ಸಂಖ್ಯೆಯ ಜಾಗದಲ್ಲಿ ಹಾಕಿ.

ಲೇಖನದ ಹಕ್ಕು ನಿಮ್ಮದೇ ಆಗಿದ್ದರೆ ಇನ್ನೂ ಒಂದು ಹೆಜ್ಜೆ ಹೋಗಬಹುದು. ಜೆನೋಡೋ ಅಂತ ಒಂದು ಉಚಿತ ಭಂಡಾರ ಇದೆ, ಯುರೋಪಿನ ಸರ್ನ್ ಪ್ರಯೋಗಾಲಯ ನಡೆಸುತ್ತದೆ. ಅಲ್ಲಿ ಪಿಡಿಎಫ್ ಏರಿಸಿದರೆ ಡಿಒಐ ಕೊಡುತ್ತಾರೆ. ಕನ್ನಡ ಲೇಖನಕ್ಕೂ ಕೊಡುತ್ತಾರೆ. ಮೂಲತಃ ಎಲ್ಲಿ, ಯಾವಾಗ ಪ್ರಕಟವಾಯಿತು ಎಂಬುದನ್ನು ವಿವರದಲ್ಲಿ ಹೇಳಿ. ಹಕ್ಕು ಪ್ರಕಾಶಕರದಾದರೆ ಅವರಿಗೆ ಒಂದು ಪತ್ರ ಬರೆದು ಒಪ್ಪಿಗೆ ತೆಗೆದುಕೊಳ್ಳಿ. ಕೇಳದೆ ಏರಿಸುವುದು ಬೇಡ.

ನುಡಿ, ಬರಹದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಕಾಪಿ ಮಾಡಿ ವೆಬ್‌ಸೈಟಿಗೆ ಅಂಟಿಸಬೇಡಿ. ನಿಮ್ಮ ಕಂಪ್ಯೂಟರಿನಲ್ಲಿ ಚೆಂದ ಕಂಡದ್ದು ಅಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ, ಹುಡುಕಿದರೆ ಸಿಗುವುದೂ ಇಲ್ಲ. ಮೊದಲು ಯುನಿಕೋಡ್‌ಗೆ ಬದಲಾಯಿಸಿ. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು ಒಮ್ಮೆ ಓದಿ ನೋಡಿ, ತಪ್ಪು ನುಸುಳುವುದು ಅಲ್ಲೇ.

7. ಕಾಲೇಜು ವೆಬ್‌ಸೈಟಿನ ಪುಟ

ಇದು ನಿಮ್ಮ ಕೈಯಲ್ಲಿಲ್ಲ, ಅದೇ ಕಷ್ಟ. ವೆಬ್‌ಸೈಟ್ ನೋಡಿಕೊಳ್ಳುವವರು ವರ್ಷಕ್ಕೊಮ್ಮೆ ಕೈ ಹಾಕಿದರೆ ದೊಡ್ಡದು. ಹಾಗಾಗಿ ಬದಲಾಗುವಂಥದ್ದನ್ನು ಅಲ್ಲಿ ಇಡಲೇಬೇಡಿ. ಫೋಟೋ, ಹುದ್ದೆ, ವಿದ್ಯಾರ್ಹತೆ, ನಾಲ್ಕು ಸಾಲಿನ ಪರಿಚಯ, ಕಾಲೇಜು ಮೇಲ್ ಮತ್ತು ಆರ್ಕಿಡ್ ಲಿಂಕ್. ಇಷ್ಟೇ. ಪ್ರಕಟಣೆಗಳ ಪಟ್ಟಿ ಬೇಕಾದವರು ಲಿಂಕ್ ಒತ್ತಿ ನೋಡುತ್ತಾರೆ, ಅದು ಯಾವಾಗಲೂ ಹೊಸದಾಗಿರುತ್ತದೆ. ಸಂಖ್ಯೆಯನ್ನು ಕೈಯಲ್ಲಿ ಟೈಪ್ ಮಾಡದೆ ಕಾಪಿ ಮಾಡಿಯೇ ಕಳಿಸಿ.

ಪರಿಚಯದ ಸಾಲುಗಳು ಹೇಗಿರಬೇಕು? ‘ಬಹುಮುಖ ಪ್ರತಿಭೆಯ, ವಿದ್ಯಾರ್ಥಿಸ್ನೇಹಿ ಅಧ್ಯಾಪಕರು’ ಎಂದರೆ ಯಾರಿಗೆ ಬೇಕಾದರೂ ಹೊಂದುತ್ತದೆ. ಅದರ ಬದಲು ಹೀಗೆ ಬರೆದು ನೋಡಿ: ‘ಪ್ರಾಣಿಶಾಸ್ತ್ರ ಸಹಾಯಕ ಪ್ರಾಧ್ಯಾಪಕಿ. ಕಾಳಿ ಮತ್ತು ಅಘನಾಶಿನಿ ಅಳಿವೆಗಳ ಚಿಪ್ಪುಜೀವಿಗಳ ಬಗ್ಗೆ ಸಂಶೋಧನೆ. ಬಳಚು ಆರಿಸುವ ಕುಟುಂಬಗಳ ಜೊತೆ ಸಮೀಕ್ಷೆ ನಡೆಸಿದ್ದಾರೆ. ಕನ್ನಡ, ಕೊಂಕಣಿ, ಇಂಗ್ಲಿಷ್‌ನಲ್ಲಿ ಉಪನ್ಯಾಸ ಕೊಡುತ್ತಾರೆ.’ ಭಾಷೆಗಳನ್ನು ಹೇಳಿದ್ದು ಸುಮ್ಮನಲ್ಲ. ಉಪನ್ಯಾಸಕ್ಕೆ ಕರೆಯುವವರು ಮೊದಲು ನೋಡುವುದೇ ಅದನ್ನು.

ಈಗ ತುಂಬಾ ಮುಖ್ಯವಾದ ಮಾತು. ಕಾಲೇಜುಗಳ ವೆಬ್‌ಸೈಟಿನಲ್ಲಿ ‘ಬಯೋಡಾಟಾ’ ಎಂದು ಪಿಡಿಎಫ್ ಹಾಕಿರುತ್ತಾರೆ. ತೆರೆದರೆ ಜನ್ಮದಿನಾಂಕ, ಮನೆ ವಿಳಾಸ, ಮೊಬೈಲ್ ನಂಬರ್, ಕೆಲವರದ್ದು ಪ್ಯಾನ್, ಆಧಾರ್, ಕೆಳಗೆ ಸಹಿ! ಕೆಲಸಕ್ಕೆ ಅರ್ಜಿ ಹಾಕಿದಾಗಿನ ಬಯೋಡಾಟಾವನ್ನೇ ಏರಿಸಿದ್ದರ ಫಲ ಇದು. ಮೋಸ ಮಾಡುವವರಿಗೆ ಇದಕ್ಕಿಂತ ಇನ್ನೇನು ಬೇಕು? ಇವತ್ತೇ ನಿಮ್ಮ ಪಿಡಿಎಫ್ ತೆರೆದು ನೋಡಿ. ಇಂಥದ್ದು ಇದ್ದರೆ ತೆಗೆಸಲು ಪ್ರಾಂಶುಪಾಲರಿಗೆ ಲಿಖಿತವಾಗಿ ಕೊಡಿ, ಬಾಯಿಮಾತು ಬೇಡ.

8. ಯಾವಾಗ ನೋಡಬೇಕು?

ಪೇಪರು ಬಂದ ವಾರವೇ ಕಿರ್ದಿಗೆ ಬರೆದು ಆರ್ಕಿಡ್‌ಗೆ ಏರಿಸಿ. ಉಳಿದದ್ದಕ್ಕೆ ವರ್ಷಕ್ಕೆ ಎರಡು ಸಲ ಸಾಕು. ನನ್ನ ಸಲಹೆ ಮೇ ತಿಂಗಳ ರಜೆಯಲ್ಲಿ ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ. ಜೂನ್, ಜುಲೈ ಅಂತ ಇಟ್ಟುಕೊಂಡರೆ ಘಟ್ಟದ ಮೇಲೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಅರ್ಧ ಫಾರ್ಮ್ ತುಂಬುವಾಗ ಎಲ್ಲ ಹೋಗಿಬಿಟ್ಟರೆ ಮತ್ತೆ ಕೂರುವ ಮನಸ್ಸು ಬರುವುದಿಲ್ಲ.

ಕೂತಾಗ ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ನಿಮ್ಮ ಹೆಸರು, ಊರು, ವಿಷಯ ಹಾಕಿ ಹುಡುಕಿ. ಇಂಗ್ಲಿಷ್‌ನಲ್ಲೊಮ್ಮೆ, ಕನ್ನಡದಲ್ಲೊಮ್ಮೆ. ಹೊರಗಿನವರಿಗೆ ಹತ್ತಿರ ಹತ್ತಿರ ಹೀಗೇ ಕಾಣುತ್ತದೆ. ಸಿಕ್ಕಿದ ಪ್ರತಿ ಲಿಂಕ್ ಒತ್ತಿ. ಸತ್ತ ಲಿಂಕ್, ಹಳೇ ಹುದ್ದೆ, ಇನ್ಯಾರದೋ ಫೋಟೋ, ಸಿಕ್ಕಿದ್ದನ್ನು ಅಲ್ಲೇ ಸರಿ ಮಾಡಿ. ಒಮ್ಮೆ ಫೋನಿನಲ್ಲೂ ನೋಡಿ, ಇವತ್ತು ವಿದ್ಯಾರ್ಥಿಗಳೆಲ್ಲ ನೋಡುವುದು ಅದರಲ್ಲೇ.

ಪಟ್ಟಿಗೆ ಏನಾದರೂ ಸೇರಿಸುವ ಮೊದಲು ಪತ್ರಿಕೆ ಅಸಲಿಯೇ ಎಂದೂ ನೋಡಿ. ಹೆಸರಾಂತ ಪತ್ರಿಕೆಯ ಹೆಸರಿನಲ್ಲಿ ನಕಲಿ ವೆಬ್‌ಸೈಟ್ ಮಾಡಿ ದುಡ್ಡು ವಸೂಲಿ ಮಾಡುವವರಿದ್ದಾರೆ. ಎಂಟು ಅಂಕಿಯ ಐಎಸ್‌ಎಸ್‌ಎನ್ ಅನ್ನು ಐಎಸ್‌ಎಸ್‌ಎನ್ ಪೋರ್ಟಲಿನಲ್ಲಿ ಹಾಕಿ, ಹೆಸರು ಮತ್ತು ಪ್ರಕಾಶಕರು ತಾಳೆಯಾಗುತ್ತಾರೆಯೇ ನೋಡಿ.

9. ಅತಿಥಿ ಉಪನ್ಯಾಸಕರಿಗೆ, ವರ್ಗವಾಗುವವರಿಗೆ, ನಿವೃತ್ತರಾಗುವವರಿಗೆ

ಅತಿಥಿ ಉಪನ್ಯಾಸಕರಿಗೆ ಕಾಲೇಜು ಪುಟದಲ್ಲಿ ಜಾಗ ಸಿಗುವುದೇ ಕಷ್ಟ. ಸಿಕ್ಕರೂ ಮುಂದಿನ ವರ್ಷ ಇರುವ ಖಾತ್ರಿ ಇಲ್ಲ. ಆರ್ಕಿಡ್‌ನಿಂದ ನಿಜವಾದ ಲಾಭ ಇವರಿಗೇ. ಅಂಕೋಲಾದಲ್ಲಿ ಒಂದು ವರ್ಷ, ಹೊನ್ನಾವರದಲ್ಲಿ ಎರಡು ವರ್ಷ, ಎಲ್ಲವನ್ನೂ ದಿನಾಂಕದ ಸಮೇತ ಸಾಲಾಗಿ ಹಾಕಿ. ಹುದ್ದೆ ‘ಅತಿಥಿ ಉಪನ್ಯಾಸಕ’ ಎಂದೇ ಇರಲಿ, ಸಹಾಯಕ ಪ್ರಾಧ್ಯಾಪಕ ಎಂದು ಬರೆಯಬೇಡಿ. ಸೇವಾ ಪ್ರಮಾಣಪತ್ರದ ಜೊತೆ ತಾಳೆ ಬೀಳದಿದ್ದರೆ ಆಯ್ಕೆಯ ಹೊತ್ತಿಗೆ ತೊಂದರೆ. ಪ್ರಮಾಣಪತ್ರವನ್ನು ಕೆಲಸ ಮುಗಿದ ತಿಂಗಳೇ ಪಡೆದು ಸ್ಕ್ಯಾನ್ ಮಾಡಿಟ್ಟುಕೊಳ್ಳಿ.

ವರ್ಗಾವಣೆಯ ಆದೇಶ ಬಂದರೆ ಹಳೇ ಮೇಲ್ ಇನ್ನೂ ತೆರೆಯುವಾಗಲೇ ಅದರ ಮೇಲೆ ಯಾವ ಯಾವ ಖಾತೆ ಇದೆ ಎಂದು ಪಟ್ಟಿ ಮಾಡಿ, ಎಲ್ಲಕ್ಕೂ ಸ್ವಂತ ಮೇಲ್ ಸೇರಿಸಿ. ಹಳೇ ಕಾಲೇಜಿನವರಿಗೆ ನಿಮ್ಮ ಪುಟವನ್ನು ತೆಗೆಯಲು ಹೇಳಿ, ಇಲ್ಲದಿದ್ದರೆ ವರ್ಷಗಟ್ಟಲೆ ಎರಡು ಕಾಲೇಜಿನಲ್ಲಿ ಇರುತ್ತೀರಿ. ನಿವೃತ್ತರಾಗುವವರೂ ಇದೇ ಕ್ರಮ ಅನುಸರಿಸಬಹುದು. ಉದ್ಯೋಗಕ್ಕೆ ಮುಗಿದ ದಿನಾಂಕ ಹಾಕಿ, ಸಂಪರ್ಕಕ್ಕೆ ಮೇಲ್ ಉಳಿಸಿಕೊಳ್ಳಿ, ಹಳೇ ಪೇಪರಿನ ಬಗ್ಗೆ ಕೇಳುವವರು ಆಮೇಲೂ ಬರುತ್ತಾರೆ.

ಹೊಸ ಕಾಲೇಜಿಗೆ ಸೇರಿದವರು ಅಲ್ಲಿಯ ಮೇಲ್ ಸಿಕ್ಕ ಕೂಡಲೇ ಗೂಗಲ್ ಸ್ಕಾಲರ್‌ಗೆ ಅದನ್ನು ಕೊಟ್ಟು, ಬಂದ ದೃಢೀಕರಣದ ಲಿಂಕ್ ಒತ್ತಿ. ಅಲ್ಲಿಯ ತನಕ ನಿಮ್ಮ ಹೆಸರಿನ ಕೆಳಗೆ ಹಳೇ ಕಾಲೇಜಿನ ಡೊಮೇನೇ ಕಾಣುತ್ತಿರುತ್ತದೆ.